ಆಕಳು ಉಂಡ ಮೇಲೆ

೬ ಸೆಪ್ಟೆಂಬರ್ ೧೯೨೬, ಸೋಮವಾರ. ಬೆಳಿಗ್ಗೆ.

ಚಂದ್ರಿ ಉಂಡಿತು. ಅವ್ವ ಉಂಡಳು. ಇನ್ನು ನಾನು ಪೇಟೆಗೆ, ಮಾಮಾನ ಬಟ್ಟೆ ಅಂಗಡಿಗೆ ಹೋಗಬಹುದು.

ದಿನಾ ಇದೇ. ಅವ್ವ ಬಸದಿಯಿಂದ ಬರುವುದು, ಜೋಳದ ಹಿಟ್ಟಿಗೆ ಬೆಲ್ಲ ತುಪ್ಪ ಹಾಕಿ ಉಂಡೆ ಕಟ್ಟುವುದು, ಕೊಟ್ಟಿಗೆಯಲ್ಲಿ ನಿಂತು ಆಕಳ ಬಾಯಿಗೆ ಇಡುವುದು. ಅದು ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆ ತನ್ನ ಊಟ. ಹೋದ ವರ್ಷ ದಿಗಂಬರ ಸ್ವಾಮಿಗಳು ನಮ್ಮ ಅನಗೋಳಕ್ಕೆ ಬಂದಾಗ ಓಣಿಯ ಹೆಂಗಸರೆಲ್ಲ ಒಂದೊಂದು ನೇಮ ಹಿಡಿದರು. ಒಬ್ಬಳು ಬದನೆಕಾಯಿ ಬಿಟ್ಟಳು, ಒಬ್ಬಳು ಗಾದಿ ಬಿಟ್ಟಳು. ಅವ್ವ ಎದ್ದು ನಿಂತು, ಆಕಳ ಬಾಯಿಗೆ ತುತ್ತು ಹೋಗದೆ ನನ್ನ ಬಾಯಿಗೆ ತುತ್ತಿಲ್ಲ ಅಂದಳು. ಸ್ವಾಮಿಗಳು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಅಂದಿನಿಂದ ಓಣಿಯಲ್ಲಿ ಸುಂದರಾಬಾಯಿ ಅಂದರೆ ಬೇರೆ ಮರ್ಯಾದೆ.

ಆಗ ಬೀದಿಯ ಆಕಳಿಗೆ ಹಾಕುತ್ತಿದ್ದಳು. ಈ ವೈಶಾಖದಲ್ಲಿ ನನ್ನ ಲಗ್ನವಾಯಿತು. ಖಾನಾಪುರದಿಂದ ರತ್ನಮಾಲಾ ಬಂದಳು. ಅವಳ ಹಿಂದೆ ತವರಿನ ಆಕಳು ಮಚ್ಛೆ ಊರು ದಾಟಿ ನಡೆದುಕೊಂಡು ಬಂತು. ಹಣೆಯ ಮೇಲೆ ಬಿಳಿ ಚಂದ್ರ, ಅದಕ್ಕೇ ಚಂದ್ರಿ.

ಒಂದು ದಿನ ಅದು ಬಾಯಿ ತೆರೆಯದಿದ್ದರೆ? ಕೇಳಬಾರದಿತ್ತು, ರತ್ನಿಯನ್ನು ಕೇಳಿಬಿಟ್ಟೆ. ನಕ್ಕಳು.

"ಆಕಳಾ ಉಪಾಸ ಮಾಡ್ತೈತೇನ್ರಿ? ಅದೇನ ನಿಮ್ಮಂಗ ಚಿಂತಿ ತಿಂದ ಹೊಟ್ಟಿ ತುಂಬಿಸಿಕೊಂತೈತಾ?"

ನಕ್ಕರೆ ಚೆಂದ ಕಾಣುತ್ತಾಳೆ. ಅವ್ವನ ಮುಂದೆ ನಗಬೇಡ ಅಂತ ಹೇಳಬೇಕು.

ಕೊಟ್ಟಿಗೆಯ ಅಗಳಿ ಹಾಕಿದೆನೋ ಇಲ್ಲವೋ. ನೋಡಿಕೊಂಡು ಬಂದೆ. ಹಾಕಿದ್ದೆ.

೧೩ ಸೆಪ್ಟೆಂಬರ್

ಪರ್ವ ನಡೆದಿದೆ, ಹತ್ತು ದಿನದ ವ್ರತ. ಅವ್ವನದು ದಿನಕ್ಕೊಂದೇ ಊಟ. ಅಂಗಡಿಯಲ್ಲಿ ಮಾಮಾ ಬೈದರು. ಧೋತರ ಅಳೆಯುವಾಗ ಲಕ್ಷ್ಯ ಎಲ್ಲಿರುತ್ತದೆ ಅಂತ. ಎಲ್ಲಿರುತ್ತದೆ — ಹೊತ್ತು ಮುಳುಗುವುದರ ಮೇಲೆ.

ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ; ರಾತ್ರಿಗೆ ಅನ್ನ ಉಳಿಸುವುದೂ ಇಲ್ಲ, ಅದರಲ್ಲಿ ಸಣ್ಣ ಜೀವಗಳು ಹುಟ್ಟುತ್ತವೆ. ಮೊದಲು ಯಾರ ಮನೆಯದು ಅವರ ಬಾಗಿಲಿಗೆ ಬಂದ ದನಕ್ಕೆ ಹೋಗುತ್ತಿತ್ತು. ಈಗ ಎಲ್ಲರಿಗೂ ಚಂದ್ರಿಯೇ ಬೇಕು. ಸುಂದರಾಬಾಯಿಯ ನೇಮದ ಆಕಳು — ಅದಕ್ಕೆ ಹಾಕಿದರೆ ಹೆಚ್ಚು ಪುಣ್ಯ. ಸಂಜೆ ಆಯಿತೆಂದರೆ ಬೋಗುಣಿ ಹಿಡಿದುಕೊಂಡು ಸಾಲು. ಅನ್ನ, ಸಜ್ಜಕ, ಹುಗ್ಗಿ.

ರತ್ನಿ ಹೇಳಿದಳು, "ಅತ್ತಿ, ಇಷ್ಟ ಅನ್ನಾ ಆಕಳಿಗೆ ಆಗೂದಿಲ್ರಿ. ನಮ್ಮಲ್ಲಿ ಗುಂಜಿ ಊರ ಅಡವ್ಯಾಗ ಮೇದು ಬರತಿತ್ತು. ಸಂಜೀಕ ಒಂದ ಮುಷ್ಟಿ ತೌಡು. ಅಷ್ಟ."

"ನಿಮ್ಮಲ್ಲೆ ತೌಡು ಹಾಕತಿದ್ರಿ, ಗೊತ್ತಾತು. ಇಲ್ಲೆ ನಾವು ಉಂಡಿದ್ದ ಅದಕ್ಕೂ ಹಾಕತೀವಿ. ನಿನಗೇನರೆ ಕಮ್ಮಿ ಮಾಡೀವೇನು?"

ರತ್ನಿ ನನ್ನ ಕಡೆ ನೋಡಿದಳು. ನಾನು ಕೊಡೆ ರಿಪೇರಿ ಮಾಡುತ್ತಿದ್ದೆ.

ಪಕ್ಕದ ಮನೆಯ ಉಳವಪ್ಪ ಒಕ್ಕಲುತನದವನು, ಲಿಂಗಾಯತರವನು. ಅವನ ಮನೆತುಂಬ ದನ. ಗೋಡೆಯ ಮೇಲಿಂದ ನನ್ನನ್ನು ಕೂಗಿದ. "ಪದ್ಮಣ್ಣ, ನಿಮ್ಮ ಆಕಳ ಸಗಣಿಗೂ ತುಪ್ಪದ ವಾಸನಿ ಬರತೈತಿ ನೋಡೋ. ನಾಳೆಯಿಂದ ನಮ್ಮ ಎತ್ತಿಗೂ ಜೈನ ದೀಕ್ಷಾ ಕೊಡಸ್ತೀನಿ."

೨೧ ಸೆಪ್ಟೆಂಬರ್

ಪಾರಣೆ. ಅವ್ವನ ಮುಖ ಬತ್ತಿದ್ದರೂ ಕಳೆ ಇತ್ತು. ಹೋಳಿಗೆ, ಕಡಬು, ಎರಡು ತರಹದ ಅನ್ನ. ಹನ್ನೆರಡಕ್ಕೇ ಚಂದ್ರಿಯ ಹೊಟ್ಟೆ ನಗಾರಿಯಂತಾಗಿತ್ತು. ಸಂಜೆ ಮತ್ತೆ ಓಣಿಯವರೆಲ್ಲ ಬಂದರು. ಎದುರುಮನೆಯ ಜಿನಮತಿ ಕಾಕು ಅರ್ಧ ಬುಟ್ಟಿ ಹೋಳಿಗೆ ಸುರಿದಳು.

ಬೇಡ ಅನ್ನಬೇಕು ಅನಿಸಿತು. ಪುಣ್ಯದ ದಿನ, ಯಾರಿಗೆ ಅನ್ನಲಿ.

೨೨ ಸೆಪ್ಟೆಂಬರ್. ಸಂಜೆ, ದೀಪ ಹಚ್ಚುವ ಮೊದಲು.

ಚಂದ್ರಿ ಉಣ್ಣಲಿಲ್ಲ.

ಅವ್ವ ಉಂಡೆ ಹಿಡಿದು ನಿಂತೇ ನಿಂತಳು. ಮೂತಿ ತಿರುಗಿಸಿತು. ಮತ್ತೊಂದು ಉಂಡೆ ಮಾಡಿದಳು, ತುಪ್ಪ ಹೆಚ್ಚು ಹಾಕಿ. ಆ ಕಡೆ ತಿರುಗಿಸಿತು. ನಾನು ಅಂಗಡಿಗೆ ಹೋಗಲಿಲ್ಲ. ಮಧ್ಯಾಹ್ನವೂ ಇಲ್ಲ. ಬೀದಿಯ ಆಕಳಿಗೆ ಹಾಕೋಣವೆಂದರೆ, ಮನೆಯಲ್ಲಿ ನೇಮದ ಆಕಳು ಇರುವಾಗ ಅದು ಸಲ್ಲದು ಅಂದಳು ಅವ್ವ. ಅವ್ವ ಕಂಬಕ್ಕೆ ಆತು ಕುಳಿತಳು, ತುಟಿ ಒಣಗಿ ಬಿಳಿ. ಸೂರ್ಯ ಉಳವಪ್ಪನ ಹಂಚಿನ ಮೇಲೆ ಬಂದ. ಹೊತ್ತು ಮುಳುಗಿದರೆ ಅವ್ವನಿಗೆ ನಾಳೆಯವರೆಗೆ ನೀರೂ ಇಲ್ಲ. ಪರ್ವದ ಉಪವಾಸ ಮಾಡಿದ ಜೀವ. ರಾತ್ರಿ ಏನಾದರೂ ಆದರೆ?

ಕೊಟ್ಟಿಗೆಯೊಳಗೆ ಹೋದೆ. ಚಂದ್ರಿಯ ದವಡೆ ಹಿಡಿದು ಉಂಡೆಯನ್ನು ನಾಲಿಗೆಯ ಬುಡಕ್ಕೆ ಒತ್ತಿದೆ. ಗಂಟಲು ಏರಿ ಇಳಿಯಿತು.

"ನುಂಗೇತಿ, ಅವ್ವಾ!"

ಅವ್ವ ಉಂಡಳು. ಎಲ್ಲರೂ ಉಸಿರು ಬಿಟ್ಟೆವು. ರತ್ನಿ ಮಾತ್ರ ಬಡಿಸುವಾಗ ಕೆಳಗೆ ನೋಡುತ್ತಿದ್ದಳು.

ಕೈಯ ಮೇಲೆ ಹಲ್ಲಿನ ಗುರುತು. ನಂಜಾಗುವುದಿಲ್ಲವಷ್ಟೇ?

೨೫ ಸೆಪ್ಟೆಂಬರ್

ಚಂದ್ರಿ ಹಲ್ಲು ಕಡಿಯುತ್ತದೆ. ಕರ್ ಕರ್. ಬೆನ್ನು ಗೂನು ಮಾಡಿ ನಿಲ್ಲುತ್ತದೆ, ಮೆಲುಕು ಇಲ್ಲ, ಹಾಲು ಇಳಿದುಹೋಗಿದೆ. ಆ ಸಪ್ಪಳ ಕೇಳಿದರೆ ನನಗೆ ಎದೆಯಲ್ಲಿ ಹುಳಿ ಏರುತ್ತದೆ. ಜೀರಿಗೆ ನೀರು ಕುಡಿದೆ.

ಉಳವಪ್ಪ ಬಂದು ಕಿವಿ ಮುಟ್ಟಿ ನೋಡಿದ. "ಹೊಟ್ಟಿ ಬ್ಯಾನಿ. ಪಕ್ಕಡಿಗೆ ಎರಡ ಬರಿ ಎಳದ್ರ ಎದ್ದ ಕುಣೀತೈತಿ. ಕುಡುಗೋಲ ಕಾಸೂಣೇನು?"

"ನಮ್ಮ ಮನ್ಯಾಗ ಬರಿ ಗಿರಿ ಬ್ಯಾಡೋ ಯಪ್ಪಾ," ಅವ್ವ ಕಿವಿ ಮುಚ್ಚಿಕೊಂಡಳು. "ಮೂಕ ಜೀವಕ್ಕ ಹಿಂಸಾ ಮಾಡಿ ಯಾವ ನರಕಕ್ಕ ಹೋಗ್ಲಿ?"

"ಹಂಗಾರ ಗೊಟ್ಟಾದರೂ ಒಯ್ರಿ. ಕೈ ಯಾಕ ಕಚ್ಚಿಸಿಕೊಂತೀ ಪದ್ಮಣ್ಣ."

ದನಕ್ಕೆ ಔಷಧ ಕುಡಿಸುವ ಬಿದಿರಿನ ಗೊಟ್ಟ ಕೊಟ್ಟ. ಹಿಟ್ಟನ್ನು ನೀರು ಬೆಲ್ಲದಲ್ಲಿ ತೆಳ್ಳಗೆ ಕಲಸಿ, ತಲೆ ಮೇಲೆತ್ತಿ ಹಿಡಿದು ಸುರಿದರೆ ತಾನೇ ಇಳಿಯುತ್ತದೆ. ಸುಲಭ. ಅವ್ವ ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ.

೨೮ ಸೆಪ್ಟೆಂಬರ್

ರತ್ನಿ ಬೆಳಿಗ್ಗೆ ಕೊಟ್ಟಿಗೆಗೆ ಕರೆದಳು. ಸಗಣಿ ಕಪ್ಪು. ಗಾಡಿಯ ಕೀಲೆಣ್ಣೆಯಂತೆ ಕಪ್ಪು, ಅಂಟು, ಕೆಟ್ಟ ನಾತ. ಒಸಡು ಎತ್ತಿ ತೋರಿಸಿದಳು. ಕಾಗದದ ಬಿಳುಪು.

"ಪೇಟಿ ಒಳಗ ದನದ ದವಾಖಾನಿ ಐತೆಲ್ಲ. ಡಾಕ್ಟರಗ ಕರೀರಿ. ಇವತ್ತ ಕರೀರಿ."

"ಅವ್ವ ಏನಂತಾಳೋ..."

"ಅತ್ತಿಗೆ ಬ್ಯಾನಿ ಬಂದಿಲ್ಲ. ಆಕಳಿಗೆ ಬಂದೈತಿ."

ಹೊರಗೆ ಕಟ್ಟೆಯ ಮೇಲೆ ಜಿನಮತಿ ಕಾಕು ಅವ್ವನ ಹತ್ತಿರ ಅನ್ನುತ್ತಿದ್ದಳು, ಕೇಳಲಿ ಅಂತಲೇ ಜೋರಾಗಿ. "ಬೀದಿ ಆಕಳಿಗೆ ಹಾಕತಿದ್ದಿ, ಒಂದ ದಿನಾ ತಪ್ಪಿತ್ತೇನು ನಿನ್ನ ನೇಮ? ಸೊಸಿ ಬಂದ್ಲು, ಸೊಸಿ ಆಕಳಾ ಬಂತು. ಈಗ ನೋಡು. ಕೆಲವರ ಕಾಲಗುಣಾನ ಹಂಗ ಇರತೈತಿ."

ಅವ್ವ ಇಲ್ಲ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

೨೯ ಸೆಪ್ಟೆಂಬರ್

ಡಾಕ್ಟರ್ ಬಂದರು. ಸೈಕಲ್ ಮೇಲೆ, ಟೋಪಿ. ಮನೆಮಾತು ಮರಾಠಿ, ಕನ್ನಡ ಚೆನ್ನಾಗಿ ಆಡುತ್ತಾರೆ. ಹೊಟ್ಟೆಗೆ ಕಿವಿ ಇಟ್ಟರು. ಮುಷ್ಟಿಯಿಂದ ಎದೆಯ ಕೆಳಗೆ ಒತ್ತಿದರು — ಚಂದ್ರಿ ನರಳಿತು. ಸಗಣಿಯನ್ನು ಕಡ್ಡಿಯಿಂದ ಬಿಡಿಸಿ ನೋಡಿದರು. ನಾನು ಮೂಗು ಮುಚ್ಚಿಕೊಂಡಿದ್ದೆ.

"ಏನ ಹಾಕ್ತೀರಿ?"

ಹೇಳಿದೆ. ಎಲ್ಲ ಹೇಳಲಿಲ್ಲ. ಉಳಿದದ್ದನ್ನು ರತ್ನಿ ಬಾಗಿಲ ಹಿಂದಿನಿಂದ ಹೇಳಿದಳು.

"ಆಕಳಿಗೆ ನಾಕ ಹೊಟ್ಟಿ ಇರತಾವ್ರಿ. ಹುಲ್ಲ ಕೊಳಿಸಿ, ಅರದು, ಜೀರ್ಣ ಮಾಡಾಕ. ನೀವು ಹಿಟ್ಟ, ಅನ್ನಾ, ಬೆಲ್ಲಾ ತುಂಬೀರಿ. ಒಳಗ ಹುಳಿ ಆತು, ಬಾವ ಬಂತು. ನಾಕನೇ ಹೊಟ್ಟ್ಯಾಗ ಈಗ ಹುಣ್ಣ ಆಗ್ಯಾವ. ಅದರ ರಗತ ಸುಟ್ಟ ಕರ್ರಗಾಗಿ ಬೀಳಾಕತ್ತೈತಿ."

"ಬದಕತೈತೇನ್ರಿ?"

"ಹಿಟ್ಟ ಬಂದ್ ಮಾಡ್ರಿ. ಅನ್ನ ಬಂದ್ ಮಾಡ್ರಿ. ಗೊಟ್ಟಾದಾಗ ಏನೂ ಸುರೀಬ್ಯಾಡ್ರಿ, ಔಷಧ ಬಿಟ್ಟು. ಒಣಹುಲ್ಲ ಮುಂದ ಇಡ್ರಿ, ಮನಸ್ಸಾದ್ರ ತಿಂತೈತಿ. ಅಗಸಿ ಗಂಜಿ. ಈ ಪೌಡರು. ಹಿಂಗ ಮಾಡಿದ್ರ ಬದಕತೈತಿ. ಮಾಡ್ಲಿಲ್ಲಂದ್ರ ನನ್ನ ಮತ್ತ ಕರೀಬ್ಯಾಡ್ರಿ."

ಪೌಡರ್ ಅಂದರೆ ಸೀಮೆಸುಣ್ಣದ ಪುಡಿ, ಕಾಚು, ಮತ್ತೇನೋ. ಪೊಟ್ಟಣ ಬಿಚ್ಚಿ ಮೂಸಿ ನೋಡಿದೆ.

ಅವ್ವ ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. ಡಾಕ್ಟರ್ ಸೈಕಲ್ ಹತ್ತಿದ ಮೇಲೆ ಒಂದೇ ಮಾತು — "ಹಂಗಾರ ನಾ ಇವತ್ತ ಉಣ್ಣೂದಿಲ್ಲ."

೩೦ ಸೆಪ್ಟೆಂಬರ್

ಚಂದ್ರಿ ನಾಲ್ಕು ಎಳೆ ಹುಲ್ಲು ತಾನಾಗಿ ಎಳೆದುಕೊಂಡಿತು! ರತ್ನಿ ಓಡಿ ಬಂದು ಹೇಳಿದಳು. ಅವ್ವನ ಕಾಲ ಬಳಿ ಕುಳಿತು, ಮೆತ್ತಗೆ —

"ಅತ್ತಿ, ನೀವ ನಿಮ್ಮ ಕೈಲೆ ಒಂದ ಹಿಡಿ ಹುಲ್ಲ ಹಾಕ್ರಿ. ತಿಂತೈತಿ. ಅದೂ ತುತ್ತ ಅಲ್ಲೇನ್ರಿ? ನೇಮಾನೂ ಉಳೀತೈತಿ, ಆಕಳಾನೂ ಉಳೀತೈತಿ."

ಎಷ್ಟು ಸರಳ. ನನಗೆ ಯಾಕೆ ಹೊಳೆಯಲಿಲ್ಲ?

ಅವ್ವ ಗೋಡೆಯ ಕಡೆ ಹೊರಳಿದಳು. "ಸ್ವಾಮಿಗಳ ಮುಂದ ತುತ್ತ ಅಂದೀನಿ. ಹುಲ್ಲ ಅಂದಿಲ್ಲ. ತಾ ಹೋಳಿಗಿ ಉಂಡು ಆಕಳಿಗೆ ಹುಲ್ಲ ಹಾಕಿ ನೇಮ ತೀರಿಸಿದ್ಲು ಅಂತ ಓಣಿ ನಗಬೇಕೇನು? ಖಾನಾಪುರದ ಶಾಣ್ಯಾತನ ನನಗ ಕಲಸಬ್ಯಾಡ."

ಸ್ವಾಮಿಗಳು ಈಗ ಎಲ್ಲೋ ದೂರ ಚಾತುರ್ಮಾಸಕ್ಕೆ ಕುಳಿತಿದ್ದಾರೆ. ಬಸದಿಯ ಪೂಜಾರಿ ಉಪಾಧ್ಯೆಯವರ ಹತ್ತಿರ ಓಡಿದೆ. ಅವರು ಗಂಧ ತೇಯುತ್ತಿದ್ದರು, ಕೇಳಿದರು, ಮತ್ತೂ ತೇಯ್ದರು.

"ಹುಲ್ಲೂ ತುತ್ತ. ಆಕಳಿಗೆ ಅದ ಅನ್ನ. ಶಾಸ್ತ್ರಕ್ಕ ಏನೂ ಅಡ್ಡಿ ಇಲ್ಲ."

"ಬಂದು ಅವ್ವಗ ಒಂದ ಮಾತ ಹೇಳ್ರಿ."

"ನಾ? ಪದ್ಮಾಕರ, ನಿಮ್ಮ ತಾಯಾರ ಸ್ವಭಾವ ನಿನಗ ಗೊತ್ತದ. ನಾ ಹೇಳಿದೆ ಅಂತ ಮಾತ್ರ ಅವರ ಮುಂದ ಅನಬ್ಯಾಡಪಾ."

ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದೆ. ಅವ್ವನ ಮುಖ ಕಂಡ ಕೂಡಲೇ ಎಲ್ಲ ಮರೆಯಿತು.

೨ ಅಕ್ಟೋಬರ್. ಹೊತ್ತು ಮುಳುಗಿದ ಮೇಲೆ.

ಬೆಳಿಗ್ಗೆ ಚಂದ್ರಿ ಮೆಲುಕು ಹಾಕಿತು. ರತ್ನಿ ಕೊಟ್ಟಿಗೆಯಲ್ಲೇ ಕುಳಿತಿದ್ದಳು, ಅದರ ಕುತ್ತಿಗೆ ತುರಿಸುತ್ತ ಏನೋ ಮಾತಾಡುತ್ತ. ಸಗಣಿ ಸ್ವಲ್ಪ ಹಸಿರಿಗೆ ತಿರುಗಿತ್ತು. ನಾನೇ ನೋಡಿದ್ದೇನೆ. ಇದನ್ನು ಬರೆದಿಡಲೇಬೇಕು — ಹಸಿರಿಗೆ ತಿರುಗಿತ್ತು.

ಅವ್ವ ಹಾಸಿಗೆ ಹಿಡಿದಿದ್ದಳು. ಎದ್ದರೆ ಕಣ್ಣು ಕತ್ತಲೆ. ಓಣಿಯ ಹೆಂಗಸರು ಸುತ್ತ ಕುಳಿತು ಸಾವಿನ ಮನೆಯಲ್ಲಿ ಮಾತಾಡುವಂತೆ ಮೆಲ್ಲಗೆ ಮಾತಾಡುತ್ತಿದ್ದರು. ನಾನು ಬಂದಾಗ ಸುಮ್ಮನಾದರು. ಜಿನಮತಿ ಕಾಕು ಮಾತ್ರ ಸುಮ್ಮನಾಗಲಿಲ್ಲ.

"ಹೆತ್ತಾಕಿ ಉಪಾಸ, ಹೆಣ್ತಿ ಆಕಳಾ ಆರಾಮ. ಏನ ಮಗನ್ನ ಹಡದಿ ಸುಂದರಾ!"

ಅವ್ವ ಕಣ್ಣು ತೆರೆಯದೆ, "ಅವನಿಗೆ ಏನೂ ಅನಬ್ಯಾಡ್ರಿ. ನನ್ನ ಪಾಪ," ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹಿಟ್ಟು ಕಲಸಿದೆ. ಬೆಲ್ಲ ಹೆಚ್ಚು ಬಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ರತ್ನಿ ಅಡ್ಡ ನಿಂತಳು.

"ಬ್ಯಾಡ್ರಿ. ನಿಮ್ಮ ಕೈ ಮುಗೀತೀನಿ. ಇನ್ನೆರಡ ದಿನಾ."

"ಆ ಕಡೆ ಸರಿ."

"ಹೋಗಿ ಅತ್ತಿಗೆ ಹೇಳ್ರಿ. ಒಂದ ಸಲ, ಬಾಯಿ ತಗದು."

"ಸರೀತಿಯೋ ಇಲ್ಲೋ!"

ನಾನು ಹಾಗೆ ಯಾರ ಮೇಲೂ ಒದರಿದವನಲ್ಲ. ಅವಳು ಸರಿದಳು. ಚಂದ್ರಿಗೆ ಶಕ್ತಿ ಇರಲಿಲ್ಲ, ತಲೆ ಎತ್ತಿದರೆ ಎತ್ತಿಸಿಕೊಂಡಿತು. ಗೊಟ್ಟದಿಂದ ಪೂರ್ತಿ ಸುರಿದೆ. ಸುರಿಯುವುದನ್ನು ಕಣ್ಣಾರೆ ನೋಡಲಿ ಅಂತ ಓಣಿಯವರು ಅವ್ವನನ್ನು ಹಿಡಿದು ತಂದಿದ್ದರು. ಅವ್ವ ನೋಡಿದಳು. ಉಂಡಳು. ಓಣಿಯವರು ಜೈಕಾರ ಹಾಕಿದರು.

ನಾಳೆಯಿಂದ ಸ್ವಲ್ಪವೇ ಹಾಕಿದರಾಯಿತು.

೪ ಅಕ್ಟೋಬರ್

ಸ್ವಲ್ಪವೇ ಹಾಕಿದೆ. ಮತ್ತೆ ಕಪ್ಪು.

೬ ಅಕ್ಟೋಬರ್

ಬೆಳಿಗ್ಗೆ ಡಾಕ್ಟರನ್ನು ಕರೆಯಲು ಹೋದೆ. ಬರುವಷ್ಟರಲ್ಲಿ ಮುಗಿದಿತ್ತು. ರತ್ನಿಯ ತೊಡೆಯ ಮೇಲೆ ಚಂದ್ರಿಯ ತಲೆ ಇತ್ತು.

೬ ಅಕ್ಟೋಬರ್. ಮಧ್ಯಾಹ್ನ.

ಡಾಕ್ಟರ್ ಬಿಡಲಿಲ್ಲ. ಊರ ಹೊರಗೆ ಒಯ್ದ ಮೇಲೆ ಕೊಯ್ದು ನೋಡಿದರು. ನನ್ನನ್ನೂ ನಿಲ್ಲಿಸಿಕೊಂಡರು. ನಾನು ಹಿಂದೆಂದೂ ಇಂಥದ್ದು ನೋಡಿದವನಲ್ಲ. ತರಕಾರಿ ಹೆಚ್ಚುವಾಗಲೂ ಹುಳ ನೋಡಿ ಹೆಚ್ಚುವ ಮನೆ ನಮ್ಮದು.

"ಇಲ್ಲೆ ಬರ್ರಿ. ಇದ ನಾಕನೇ ಹೊಟ್ಟಿ. ಮಡಿಕಿ ಎಲ್ಲಾ ಹೆಂಗ ಕೆಂಪಗ ಬಾತಾವ. ಈ ಸಣ್ಣ ಹುಣ್ಣ ನೋಡ್ರಿ — ಅಂಚ ಕೂಡಾಕ ಹತ್ತಿದ್ವು. ಮಾಯತಿದ್ವು. ಇದೊಂದ ಮತ್ತ ಕೆರಳಿ ತೂತ ಬಿದ್ದೈತಿ. ಹೊಟ್ಟ್ಯಾಗಿಂದೆಲ್ಲಾ ಹೊರಗ ಚೆಲ್ಲೇತಿ."

ನಾನು ರಸ್ತೆಯ ಕಡೆ ಮುಖ ತಿರುಗಿಸಿದೆ.

"ನಾ ಹೇಳಿದ ಮ್ಯಾಲೆ ಹಿಟ್ಟ ಹಾಕಿದ್ರೇನು?"

"ಇಲ್ರೀ."

ಅವರು ದೊಡ್ಡ ಹೊಟ್ಟೆಯಲ್ಲಿ ಕೈ ಹಾಕಿ ತೆಗೆದು ನನ್ನ ಮುಂದೆ ಹಿಡಿದರು. ಹಿಟ್ಟು. ಹುಳಿ ನಾತ. ಬೆಲ್ಲದ ಬಣ್ಣ ಇನ್ನೂ ಇತ್ತು.

ಕೈ ತೊಳೆದುಕೊಂಡು ಸೈಕಲ್ ಹತ್ತಿದರು.

೬ ಅಕ್ಟೋಬರ್. ಸಂಜೆ.

ಮನೆಗೆ ಬಂದಾಗ ಅಂಗಳದ ತುಂಬ ಜನ. ಅವ್ವ ಅಳುತ್ತಿದ್ದಳು. ಸುಳ್ಳು ಅಳುವಲ್ಲ, ಖರೇ ಅಳು. ಅವಳಿಗೆ ಆ ಆಕಳ ಮೇಲೆ ಜೀವ ಇತ್ತು, ಇಲ್ಲ ಅನ್ನಲಾರೆ.

ಜಿನಮತಿ ಕಾಕು ಕೇಳಿದಳು, "ಡಾಕ್ಟರ ಏನಂದಾ?"

ಎಲ್ಲರೂ ನನ್ನ ಕಡೆ. ರತ್ನಿ ಅಂಗಳದ ಮೂಲೆಯಲ್ಲಿ ಹಗ್ಗ ಸುತ್ತುತ್ತಿದ್ದಳು — ಚಂದ್ರಿಯ ಹಗ್ಗ. ಸುತ್ತುವುದು ನಿಂತಿತು.

"ಹೊಟ್ಟ್ಯಾಗ... ಹುಣ್ಣ ಇತ್ತಂತ," ಅಂದೆ.

"ಹಾಂ! ಹುಣ್ಣ! ಮೊದಲಿಂದನ ಇದ್ದದ್ದ ಅದು. ಬ್ಯಾನಿ ಆಕಳಾ ಸಾಗಹಾಕಿದ್ರು ಖಾನಾಪುರದವ್ರು. ಮಗಳ ಕೂಡ ಬಳುವಳಿ!"

ಇಲ್ಲ, ಹಳೆಯದಲ್ಲ. ಮಾಯುತ್ತಿತ್ತು. ಎರಡು ಮಾತು. ನಾಲಿಗೆಯ ತುದಿಯಲ್ಲೇ ಇತ್ತು. ಅವ್ವ ನನ್ನ ತೋಳು ಹಿಡಿದುಕೊಂಡಿದ್ದಳು. ಅವಳಿಗೆ ಗೊತ್ತಾದರೆ, ತನ್ನ ನೇಮದಿಂದ ಒಂದು ಜೀವ ಹೋಯಿತು ಅಂತ ಗೊತ್ತಾದರೆ, ಅವಳು ಅನ್ನವನ್ನೇ ಬಿಟ್ಟಾಳು. ಸಲ್ಲೇಖನ ಅಂದಾಳು. ಹೇಗೆ ಹೇಳಲಿ?

ರತ್ನಿ ಹಗ್ಗ ಸುತ್ತಿ ಮುಗಿಸಿ ಒಳಗೆ ಹೋದಳು.

೧೦ ಅಕ್ಟೋಬರ್

ನೇಮಣ್ಣ ಬಂದ. ರತ್ನಿಯ ಅಣ್ಣ. ಯಾರು ಸುದ್ದಿ ಮುಟ್ಟಿಸಿದರೋ. ನೀರು ಕುಡಿಯಲಿಲ್ಲ, ಕಟ್ಟೆಯ ಮೇಲೆಯೇ ಕುಳಿತ.

"ಭಾವಾ, ನಾವು ಬ್ಯಾನಿ ಆಕಳಾ ಕೊಟ್ಟೇವಂತ. ಹೌದೇನು?"

"ನಾ ಅಂದಿಲ್ಲ ನೇಮಣ್ಣ."

"ನೀವ ಅಂದಿಲ್ಲ. ಗೊತ್ತೈತಿ. ನೀವ ಏನೂ ಅಂದಿಲ್ಲ."

ಅವ್ವ ಒಳಗಿಂದ, "ದೀಪಾವಳಿಗೆ ಹೆಂಗೂ ತವರಿಗೆ ಕಳಿಸೂದ ಐತಿ. ಈಗ ಒಯ್ಲಿ. ಮನ್ಯಾಗ ನೇಮಾ ಸುರಳೀತ ನಡೀಲಿ ಸ್ವಲ್ಪ ದಿನಾ," ಅಂದಳು.

ರತ್ನಿ ಗಂಟು ತಂದಳು. ಗಂಟಿನ ಮೇಲೆ ಆ ಹಗ್ಗ. ನನ್ನ ಮುಂದೆ ಹಾದುಹೋಗುವಾಗ ನಿಂತಳು. ಏನಾದರೂ ಅನ್ನುತ್ತೇನೆಂದು ನಿಂತಳು.

"ಥಂಡಿ ಐತಿ. ಶಾಲ ಹೊಚ್ಚಿಕೋ," ಅಂದೆ.

೨೬ ಅಕ್ಟೋಬರ್

ಬರೆಯಲು ಮನಸ್ಸಾಗಲಿಲ್ಲ. ಅವ್ವ ಮತ್ತೆ ಬೀದಿಯ ಆಕಳಿಗೆ ಹಾಕುತ್ತಾಳೆ. ಅದು ಒಂದೇ ಗುಟುಕಿಗೆ ನುಂಗಿ ಮುಂದಿನ ಮನೆಗೆ ಹೋಗುತ್ತದೆ. ಅದಕ್ಕೆ ಏನೂ ಆಗುವುದಿಲ್ಲ.

ಇವತ್ತು ಖಾನಾಪುರಕ್ಕೆ ಹೋಗಿದ್ದೆ. ಮಾಮಾಗೆ ವಸೂಲಿ ಅಂತ ಸುಳ್ಳು ಹೇಳಿದೆ. ರೈಲು ಲೇಟ್. ಸ್ಟೇಶನ್ನಿನಿಂದ ಅವರ ಮನೆಯವರೆಗೆ ನಡೆಯುವಾಗ ಎರಡು ಸಲ ಹಿಂದೆ ತಿರುಗಿದೆ.

ರತ್ನಿ ಹಿತ್ತಲಲ್ಲಿ ಕರುಗಳಿಗೆ ಹುಲ್ಲು ಹಾಕುತ್ತಿದ್ದಳು. ಸೊರಗಿದ್ದಾಳೆ. ಅಥವಾ ನನಗೆ ಹಾಗೆ ಕಂಡಿತು.

"ಕುಂದರ್ರಿ. ಚಹಾ ಮಾಡ್ತೀನಿ."

"ನಡೀ ಮನೀಗೆ."

"ಬರ್ತೀನಿ. ಗಂಟ ಕಟ್ಟಾಕೂ ಹೊತ್ತ ಬೇಕಾಗೂದಿಲ್ಲ. ಡಾಕ್ಟರ ಏನ ಹೇಳಿದ್ರು, ಅದನ್ನ ಅತ್ತಿ ಮುಂದ ಹೇಳ್ರಿ. ಒದರೂದ ಬ್ಯಾಡ, ಜಗಳ ಬ್ಯಾಡ. ಹೇಳ್ರಿ ಅಷ್ಟ. ಹೇಳಿದ್ದ ದಿನಾ ಬಂದ ಕರೀರಿ, ರೈಲ ಇಲ್ಲದಿದ್ರ ನಡಕೋತ ಬರ್ತೀನಿ, ಚಂದ್ರಿ ಬಂದಂಗ."

"ಅವ್ವ ಉಪಾಸ ಬಿದ್ದಾಳು."

"ಬೀಳ್ಲಿ. ನಾ ಬಂದ ಹುಲ್ಲ ಕೊಡ್ತೀನಿ ಅವರ ಕೈಯಾಗ."

ನಗಲಿಲ್ಲ. ಮೊದಲಾಗಿದ್ದರೆ ನಗುತ್ತಿದ್ದಳು.

ಹೇಳಬೇಕು. ದೀಪಾವಳಿಗೆ ಹೇಳುತ್ತೇನೆ. ಒಳ್ಳೆಯ ದಿನ, ಅವ್ವನ ಮನಸ್ಸೂ ತಂಪಾಗಿರುತ್ತದೆ.

೫ ನವೆಂಬರ್. ದೀಪಾವಳಿ ಅಮಾವಾಸ್ಯೆ. ಬೆಳಿಗ್ಗೆ.

ಬಸದಿಯಲ್ಲಿ ನಿರ್ವಾಣದ ಪೂಜೆ ಆಯಿತು. ಮನೆಗೆ ಬಂದರೆ ಕೊಟ್ಟಿಗೆಯಲ್ಲಿ ಹೊಸ ಆಕಳು. ಓಣಿಯವರೆಲ್ಲ ಸೇರಿ ತಂದು ಕಟ್ಟಿದ್ದಾರೆ. ಸುಂದರಾಬಾಯಿಯ ನೇಮ ಬೀದಿ ಆಕಳ ಮೇಲೆ ನಡೆಯುವುದು ಓಣಿಗೆ ಶೋಭೆಯಲ್ಲವಂತೆ. ಎಳೆಯದು, ಬೆದರಿದೆ. ಅವ್ವ ಕುಂಕುಮ ಹಚ್ಚಿದಳು. ಎಷ್ಟೋ ದಿನಕ್ಕೆ ಅವಳ ಮುಖದಲ್ಲಿ ನಗು.

ಇವತ್ತೇ ಹೇಳಬೇಕು. ಊಟವಾದ ಮೇಲೆ.

೫ ನವೆಂಬರ್. ಸಂಜೆ.

ಊಟ ಆಗಿಲ್ಲ. ಹೊಸ ಜಾಗ, ಹೊಸ ಜನ. ಆಕಳು ಮೂಲೆಗೆ ಒತ್ತಿ ನಿಂತಿದೆ, ಉಂಡೆ ಮೂಸಲೂ ಇಲ್ಲ. ಹುಲ್ಲು ಮಾತ್ರ ತಿನ್ನುತ್ತಿದೆ, ನಾನು ಹಾಕಿದ್ದು. ಅವ್ವ ಬೆಳಗಿನಿಂದ ಹಾಗೇ ಇದ್ದಾಳೆ. ಅಂಗಳದಲ್ಲಿ ಹೆಂಗಸರು. ಹಣತೆಗಳಿಗೆ ಎಣ್ಣೆ ಹಾಕುವುದನ್ನು ಬಿಟ್ಟು ಕೊಟ್ಟಿಗೆಯ ಕಡೆಯೇ ನೋಡುತ್ತಿದ್ದಾರೆ.

ಮಾತುಗಳನ್ನು ಜೋಡಿಸಿಕೊಂಡಿದ್ದೇನೆ. ಅವ್ವಾ, ಡಾಕ್ಟರ್ ಹೇಳಿದರು, ಆ ಹುಣ್ಣು ಮಾಯುತ್ತಿತ್ತು. ನಾವು ಹಿಟ್ಟು ಹಾಕಿದೆವು. ನಾನು ಹಾಕಿದೆ. ಇಷ್ಟೇ. ಕಷ್ಟವೇನಿಲ್ಲ. ರಾತ್ರಿ ಗಾಡಿಗೆ ಅಲ್ಲ, ನಾಳೆ ಬೆಳಗಿನ ಗಾಡಿಗೆ ಖಾನಾಪುರ.

ಬಿಸಿಲು ಉಳವಪ್ಪನ ಹಂಚಿನ ಮೇಲಿಂದಲೂ ಹೋಯಿತು.

"ಪದ್ಮಾ... ಏ ಪದ್ಮಾ, ಹೊತ್ತ ಮುಳಗಾಕತ್ತೈತಿ. ಆ ಗೊಟ್ಟಾ ಎಲ್ಲಿಟ್ಟೀಯೋ?"

ಜಂತಿಯ ಮೇಲಿದೆ. ನನಗೇ ಗೊತ್ತು, ನಾನೇ ಇಟ್ಟದ್ದು. ಅವ್ವನ ದನಿಯೇ ಏಳುತ್ತಿಲ್ಲ. ಹಬ್ಬದ ದಿನ. ಮೊದಲು ಅವಳು ಉಣ್ಣಲಿ, ಆಮೇಲೆ ಹೇಳುತ್ತೇನೆ.